ಐದನೇ ಸೀಡಿಯ ಮಂದಿ

ನಾಟಕಗಳ ಒಂದೇ ಸೀಡಿ ಸೆಟ್ಟನ್ನು ಆರು ಸಲ ದುಡ್ಡು ಕೊಟ್ಟು ತಂದವನು ನಾನು. ನಗುವವರು ಮೊದಲು ನಕ್ಕುಬಿಡಿ, ಆಮೇಲೆ ಓದಿ. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷದಿಂದ ಅಂಗಿ, ಪ್ಯಾಂಟು ಹೊಲಿಯುತ್ತ ಕುಳಿತಿದ್ದೇನೆ. ಬೀಡಿ ಸೇದಿಲ್ಲ, ಇಸ್ಪೀಟು ಮುಟ್ಟಿಲ್ಲ. ಇದ್ದ ಚಟ ಒಂದೇ, ನಾಟಕದ ಸೀಡಿ ಕೂಡಿಡುವುದು. ಅದು ನನ್ನ ಮನೆಯಲ್ಲಿ ಏನು ಮಾಡಿತು ಎಂಬುದನ್ನು ಈವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ.

ನಮ್ಮ ಕಡೆಯ ಹಾಸ್ಯ ನಾಟಕಗಳನ್ನು ಹಳ್ಳಿಗಳಲ್ಲೇ ಆಡಿಸಿ, ಚಿತ್ರೀಕರಿಸಿ, ಹತ್ತು ಸೀಡಿ ಮಾಡಿ ಹಳದಿ ಡಬ್ಬಿಯಲ್ಲಿ ಹಾಕಿ ಮಾರಿದ ಕಂಪನಿಯೊಂದಿತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ನನಗೆ ಬಿಪಿ ಏರುತ್ತದೆ. ಆ ಹಳದಿ ಡಬ್ಬಿಯನ್ನು ನಾವು ಪೈಲಾ ಸೆಟ್ಟು, ಅಂದರೆ ಮೊದಲ ಸೆಟ್ಟು, ಎನ್ನುತ್ತಿದ್ದೆವು. ನಾವು ಎಂದರೆ ಹಾನಗಲ್ಲಿನ ನಾನು, ಸವಣೂರಿನ ಒಬ್ಬ ವೀಳ್ಯದೆಲೆ ವ್ಯಾಪಾರಿ ಸಾಹೇಬರು, ಹಿರೇಕೆರೂರಿನ ಒಬ್ಬ ನಿವೃತ್ತ ಕಂಡಕ್ಟರ್, ಇನ್ನು ಅಲ್ಲಿ ಇಲ್ಲಿ ನಾಲ್ಕೈದು ಜನ. ಎಲ್ಲರೂ ಸೇರುತ್ತಿದ್ದುದು ಶಿಗ್ಗಾಂವಿಯ ಒಂದು ಸೀಡಿ ಅಂಗಡಿಯಲ್ಲಿ. ತಿಂಗಳಿಗೊಮ್ಮೆ ರವಿವಾರ ಅಲ್ಲಿಗೆ ಹೋಗಿ, ಸವಣೂರಿನ ಖಾರದ ಕುರುಕಲು ಬಾಯಿಗೆ ಹಾಕಿಕೊಳ್ಳುತ್ತ, ಯಾವ ಡಬ್ಬಿಯ ಮೇಲೆ ಚಿತ್ರ ತಪ್ಪಿ ಅಚ್ಚಾಗಿದೆ, ಯಾವ ಸೀಡಿಯಲ್ಲಿ ದನಿ ಮೊದಲು ಬಂದು ಬಾಯಿ ಆಮೇಲೆ ಆಡುತ್ತದೆ ಎಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. ಮನೆಯಲ್ಲಿ ಹೆಂಡತಿ ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ನಾನು ಅಲ್ಲಿ ವಕೀಲನಾಗಿಬಿಡುತ್ತಿದ್ದೆ.

ನಮ್ಮ ಮಂದಿಗೆ ಕೆಲವು ಕಟ್ಟುಪಾಡುಗಳಿದ್ದವು. ಸೀಡಿಯನ್ನು ನಡುವಿನ ತೂತಿನಲ್ಲಿ ಬೆರಳು ಹಾಕಿಯೇ ಹಿಡಿಯಬೇಕು. ಯಾರಿಗೂ ಎರವಲು ಕೊಡಬಾರದು, ಸಾಯುತ್ತೇನೆಂದರೂ ಕೊಡಬಾರದು. ಇನ್ನೊಂದು, ನಾಟಕದ ನಡುವೆ ಕ್ಯಾಮೆರಾ ಏನಾದರೂ ಪ್ರೇಕ್ಷಕ ಮಂದಿಯ ಕಡೆ ತಿರುಗಿದರೆ ಆ ಕ್ಷಣವೇ ರಿಮೋಟ್ ಒತ್ತಿ ಮುಂದೆ ಓಡಿಸಬೇಕು. ಪೈಲಾ ಸೆಟ್ಟಿನಲ್ಲಿ ಅದೇ ನಮಗೆ ಕಿರಿಕಿರಿ. ನಟ ಒಂದು ಒಳ್ಳೆಯ ಮಾತು ಎಸೆದಿರುತ್ತಾನೆ, ಅಷ್ಟರಲ್ಲಿ ಕ್ಯಾಮೆರಾದವನು ಸಾಲಾಗಿ ಕುಳಿತ ಹೆಂಗಸರನ್ನು, ಮೂಗು ಸುರಿಸುವ ಮಕ್ಕಳನ್ನು, ಹಲ್ಲಿಲ್ಲದೆ ನಗುವ ಮುದುಕರನ್ನು ತೋರಿಸುತ್ತಾನೆ. "ದುಡ್ಡು ಕೊಟ್ಟಿದ್ದು ನಾಟಕಕ್ಕೋ, ಈ ಮಂದಿ ಮಾರಿ ನೋಡಾಕೋ?" ಎಂದು ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದವನು ನಾನೇ.

ಆ ಹತ್ತರಲ್ಲಿ ಐದನೆಯ ನಾಟಕವನ್ನು ಹಿರೇಬೆಂಡಿಗೇರಿಯ ಶಾಲೆಯ ಬಯಲಿನಲ್ಲಿ, ಬೆಳಕು ಚೆನ್ನಾಗಿರಲೆಂದು ಹಗಲು ಹೊತ್ತಿನಲ್ಲೇ ಆಡಿಸಿದ್ದರು. ಹಿರೇಬೆಂಡಿಗೇರಿ ನನ್ನ ಹೆಂಡತಿಯ ತವರು. ಆ ರವಿವಾರ ಅಂಗಡಿ ಮುಚ್ಚಿ ಮೂವರೂ ಹೋಗಿದ್ದೆವು, ನಾನು, ಆಕೆ, ನಮ್ಮ ಮಗಳು. ಮಗಳಿಗೆ ಆಗ ಐದು ತುಂಬಿ ಆರು ನಡೆಯುತ್ತಿತ್ತು. ನಮಗೆ ಅವಳೊಬ್ಬಳೇ. ಮುಂದಿನ ಮಳೆಗಾಲದಲ್ಲಿ ಜ್ವರ ಬಂತು. ಎಂಟು ದಿನ ಬಂತು, ಒಂಬತ್ತನೆಯ ದಿನ ಅವಳಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ, ಕ್ಷಮಿಸಿ.

ಆಗ ಈಗಿನ ಹಾಗೆ ಎಲ್ಲರ ಕೈಯಲ್ಲೂ ವಿಡಿಯೋ ತೆಗೆಯುವ ಫೋನು ಇರಲಿಲ್ಲ. ಉಳಿದದ್ದು ಎರಡು ಫೋಟೋ. ಒಂದು ಅಂಗನವಾಡಿಯದು, ಅದರಲ್ಲಿ ಅಳುಮೋರೆ ಹಾಕಿದ್ದಾಳೆ. ಇನ್ನೊಂದು ಸ್ಟುಡಿಯೋದ್ದು, ಅಲುಗಬೇಡ ಎಂದು ಹೆದರಿಸಿ ನಿಲ್ಲಿಸಿ ತೆಗೆದದ್ದು. ಹೆಂಡತಿ ಅವನ್ನು ಗೋಡೆಗೆ ಹಾಕಲಿಲ್ಲ, ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಳು. ನಾನು ಸೀಡಿ ಕೂಡಿಡುವುದನ್ನು ಇನ್ನೂ ಹೆಚ್ಚು ಮಾಡಿದೆ. ನೋಡುತ್ತಿದ್ದುದು ಅಪರೂಪ, ತರುವುದು, ಒರೆಸುವುದು, ಇಡುವುದೇ ಹೆಚ್ಚು. ದುಃಖವನ್ನು ಏನು ಮಾಡಬೇಕೆಂದು ಗಂಡಸರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಕೈಗೊಂದು ಕೆಲಸ ಸಿಕ್ಕರೆ ಸಾಕು.

ಕೆಲವು ವರ್ಷಗಳ ಮೇಲೆ ಒಮ್ಮೆ ಡಬ್ಬಿ ಒರೆಸುವಾಗ ನೋಡುತ್ತೇನೆ, ಐದನೇ ಸೀಡಿಯ ಮೇಲೆ ಗೀರೋ ಗೀರು. ಉಳಿದ ಒಂಬತ್ತು ಕನ್ನಡಿಯ ಹಾಗಿವೆ, ಇದೊಂದು ಮಾತ್ರ ಹೀಗೆ. ನನ್ನ ಪಿತ್ತ ನೆತ್ತಿಗೇರಿತು.

"ಯಾರು ಮುಟ್ಟಿದ್ರು ಇದನ್ನ?"

"ನಾನ ಹಾಕಿದ್ನಿ ಒಂದೆರಡು ಸಲ," ಎಂದಳು ಹೆಂಡತಿ.

"ಒಂದೆರಡು ಸಲಕ್ಕ ಹಿಂಗ ಗೀರು ಬೀಳ್ತಾವೇನು? ಕಡಾಯಿ ತಿಕ್ಕಿದಂಗ ತಿಕ್ಕೀ ನೋಡು. ಕಿಮ್ಮತ್ತು ಗೊತ್ತಿಲ್ಲದವರ ಕೈಗೆ ಸಾಮಾನು ಕೊಟ್ರ ಹಿಂಗ ಆಗೂದು!"

ನಾನು ಮಧ್ಯಾಹ್ನ ಉಂಡು ಅಂಗಡಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಆಕೆ ದಿನಾ ಅದನ್ನು ನೋಡುತ್ತಿದ್ದಳೆಂಬುದು ನನಗೆ ಗೊತ್ತಿರಲಿಲ್ಲ. ಯಾವ ಡಬ್ಬಿಯ ಅಚ್ಚಿನಲ್ಲಿ ಯಾವ ಅಕ್ಷರ ಬಿಟ್ಟುಹೋಗಿದೆ ಎಂದು ಹೇಳುವವನಿಗೆ ತನ್ನ ಮನೆಯಲ್ಲಿ ಮಧ್ಯಾಹ್ನ ಏನು ನಡೆಯುತ್ತದೆಂದು ಗೊತ್ತಿರಲಿಲ್ಲ.

ಆ ವರ್ಷವೇ ಕಂಪನಿ ಅದೇ ಹತ್ತು ನಾಟಕಗಳನ್ನು ಮೂರು ಡಿವಿಡಿಗಳಲ್ಲಿ, ಕೆಂಪು ಡಬ್ಬಿಯಲ್ಲಿ ತಂದಿತು. ಚಿತ್ರ ಸ್ವಚ್ಛ, ದನಿ ಸ್ವಚ್ಛ, ಅಡೆತಡೆಯಿಲ್ಲದ ನಾಟಕ ಎಂದು ಡಬ್ಬಿಯ ಮೇಲೆ ಬರೆದಿತ್ತು. ಹಳದಿ ಡಬ್ಬಿ ತಂದುಕೊಟ್ಟರೆ ಕೆಂಪು ಡಬ್ಬಿ ಅರ್ಧ ಬೆಲೆಗೆ. ನಾನು ಮರುದಿನವೇ ಶಿಗ್ಗಾಂವಿಗೆ ಓಡಿದೆ.

ಅಂಗಡಿಯವನು ತಗಡು ಕತ್ತರಿಸುವ ದೊಡ್ಡ ಕತ್ತರಿಯೊಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದ. "ಕಂಪನಿ ಕಂಡೀಷನ್ ಐತ್ರಿ ಮಾಸ್ತರ್ರ. ಹಳೇವನ್ನ ಇಲ್ಲೇ ಕತ್ತರಿಸಿ ಅರ್ಧ ತುಂಡು ಅವರಿಗೆ ಕಳಸಬೇಕು. ಇಲ್ಲಾಂದ್ರ ಕಾಪಿ ಹೊಡದು ಮಾರ್ತಾರಂತ," ಎಂದ. ಆಮೇಲೆ ನಕ್ಕು, "ಕತ್ತರಿ ಹಿಡಿಯೂದು ನಿಮ್ಮ ಕಸಬ ಐತಲ್ರಿ. ನೀವ ಕತ್ತರಿಸಿಬಿಡ್ರಿ," ಎಂದ.

ಕತ್ತರಿಸಿದೆ. ಸೀಡಿ ಬಟ್ಟೆಯ ಹಾಗೆ ಸರಾಗವಾಗಿ ಕತ್ತರಿಗೆ ಬರುವುದಿಲ್ಲ, ಚಟ್ಟನೆ ಸೀಳುತ್ತದೆ, ಬೆಳ್ಳಿ ಬಣ್ಣದ ಪುಡಿ ಹಾರುತ್ತದೆ. ಗೀರುಬಿದ್ದ ಐದನೆಯದನ್ನು ಎಲ್ಲಕ್ಕಿಂತ ಮೊದಲು, ಸಿಟ್ಟಿನಿಂದ ಕತ್ತರಿಸಿದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮುಂದಿನ ರವಿವಾರ ಎಲ್ಲರನ್ನೂ ಕೂಡಿಸಿ, ಹಳೆಯದನ್ನು ಇಟ್ಟುಕೊಂಡು ಯಾವ ಸುಖ, ತಂದು ಕೊಡಿ ಎಂದು ಭಾಷಣ ಬಿಗಿದೆ. ನನ್ನ ಮಾತಿಗೆ ಬೆಲೆ ಇತ್ತು ನೋಡಿ. ಸವಣೂರಿನ ಸಾಹೇಬರು ಕೊಟ್ಟರು, ಉಳಿದವರು ಕೊಟ್ಟರು. ಅವರೆಲ್ಲರ ಸೀಡಿಗಳನ್ನೂ ನಾನೇ ಕತ್ತರಿಸಿಕೊಟ್ಟೆ.

ಹಿರೇಕೆರೂರಿನ ಕಂಡಕ್ಟರ್ ಮಾತ್ರ ಒಪ್ಪಲಿಲ್ಲ. ಆತ ಪೈಲಾ ಸೆಟ್ಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿಯದೆ ಹಾಗೇ ಇಟ್ಟಿದ್ದ ಮನುಷ್ಯ. "ಮೊದಲ ಬಂದದ್ದು ಮೊದಲಿಂದ ಮಾಸ್ತರ. ನಾ ಕತ್ತರಿಸಂಗಿಲ್ಲ," ಎಂದ. ನಾನು ಎಲ್ಲರೆದುರು ನಕ್ಕೆ. "ಆತು, ಹೋಗೂ ಮುಂದ ಅದನ್ನ ಎದಿ ಮ್ಯಾಲ ಇಟ್ಕೊಂಡು ಹೋಗ್ರಿ. ನೋಡಂಗಿಲ್ಲ, ಮಾರಂಗಿಲ್ಲ, ಹೆಣಕ್ಕ ಶೃಂಗಾರ ಮಾಡಿದಂಗ," ಎಂದುಬಿಟ್ಟೆ. ಆತ ತನ್ನ ಚೀಲ ತೆಗೆದುಕೊಂಡು ಎದ್ದು ಹೋದ. ಮತ್ತೆ ಆ ಅಂಗಡಿಗೆ ಬರಲಿಲ್ಲ.

ಕೆಂಪು ಡಬ್ಬಿಯನ್ನು ಮನೆಗೆ ತಂದ ದಿನ ನಾನೇ ಹೆಂಡತಿಯನ್ನು ಕರೆದು ಕೂರಿಸಿ ಐದನೇ ನಾಟಕ ಹಾಕಿದೆ. ಬೈದದ್ದು ಮನಸ್ಸಿನಲ್ಲಿತ್ತು, ಸಮಾಧಾನ ಮಾಡೋಣವೆಂದು. ಆಕೆ ಸೆರಗು ಸರಿಮಾಡಿಕೊಂಡು ಹಾಸಿಗೆಯ ತುದಿಗೆ ಕುಳಿತಳು. ನಾಟಕ ಒಂದು ಕಡೆಗೆ ಬಂದಾಗ ಮುಂದಕ್ಕೆ ಬಾಗಿದಳು. ಆಮೇಲೆ ಕೈಯಿಂದ ಟಿವಿಯ ಕಡೆ ತೋರಿಸಿ ಕೇಳಿದಳು.

"ಇಲ್ಲಿ ಮಂದಿ ಇದ್ರಲ್ರಿ, ಅವರೆಲ್ಲಿ?"

"ತಗದು ಒಗದಾರ. ನಾಟಕ ಅಷ್ಟ ಇಟ್ಟಾರ. ಎಷ್ಟ ಚಲೋ ಆಗೇತಿ ನೋಡು."

"ಹಳೇದು ಎಲ್ಲೈತಿ?"

"ಕತ್ತರಿಸಿ ಕೊಟ್ಟೆ. ಅದಕ್ಕ ಅರ್ಧ ರೇಟಿಗೆ ಬಂತು ಇದು."

ಆಕೆ ಎದ್ದು ಒಳಗೆ ಹೋದಳು. ಎರಡು ದಿನ ರೊಟ್ಟಿ ಬಡಿದಳು, ಬಡಿಸಿದಳು, ತಾಟು ತೊಳೆದಳು. ಮೂರನೆಯ ದಿನ ನಾನು ಉಣ್ಣುತ್ತಿದ್ದಾಗ ನೀರಿನ ತಂಬಿಗೆ ಇಡುತ್ತ ಹೇಳಿದಳು.

"ಆ ಮಂದ್ಯಾಗ ನಮ್ಮ ಕೂಸು ಇತ್ರಿ."

ನಾನು ತಾಟು ಬದಿಗೆ ಸರಿಸಿದೆ.

"ನನ್ನ ತೊಡಿ ಮ್ಯಾಲ ಕುಂತಿತ್ತು. ನೀವ ಹೊಲದಿದ್ದ ಹಸರ ಫ್ರಾಕು. ಹತ್ತು ಎಣಿಸೂದರಾಗ ಮುಗೀತಿತ್ತು. ಅಷ್ಟ ಇತ್ತು ನಮ್ಮ ಪಾಲಿಗೆ."

"ನನಗ ಯಾಕ ಹೇಳ್ಲಿಲ್ಲ ನೀ? ಇಷ್ಟು ವರ್ಷ?"

ಆಕೆ ಏನೋ ಹೇಳಲು ಹೋದವಳು ತಡೆದುಕೊಂಡಳು. "ಮಂದಿ ಬಂದ ಕೂಡ್ಲೆ ನೀವು ರಿಮೋಟ್ ಒತ್ತತಿದ್ರಿ," ಎಂದಷ್ಟೇ ಹೇಳಿ ತಂಬಿಗೆ ತುಂಬಲು ಹೋದಳು. ಅದೇ ಪೂರ್ತಿ ಉತ್ತರವೆಂದು ನಾನು ತಿಳಿದುಕೊಂಡೆ. ಮರುದಿನ ಕತ್ತರಿಯನ್ನು ಮೇಜಿನ ಖಾನೆಗೆ ಹಾಕಿದೆ. ಎರಡು ವಾರ ಬಟ್ಟೆ ಕತ್ತರಿಸಲು ಪಕ್ಕದ ಅಂಗಡಿಯವನನ್ನು ಕರೆದೆ.

ಕೆಂಪು ಡಬ್ಬಿಯ ಹಿಂದಿದ್ದ ನಂಬರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಎತ್ತಿದ ಹೆಣ್ಣುಮಗಳು ಸಮಾಧಾನದಿಂದ ಕೇಳಿ, "ಮುಂದಿನ ಸಲ ಸಂಪೂರ್ಣ ಆವೃತ್ತಿ ತರ್ತಾ ಇದೀವಿ ಸರ್, ಅದರಲ್ಲಿ ಎಲ್ಲ ದೃಶ್ಯಗಳೂ ಇರುತ್ತವೆ," ಎಂದಳು. ಅವಳದೇನು ತಪ್ಪು, ಬರೆದುಕೊಟ್ಟದ್ದನ್ನು ಓದಿರಬೇಕು. ನಾನು ಆ ಮಾತನ್ನು ಹಿಡಿದುಕೊಂಡು ಎರಡು ವರ್ಷ ಕಾದೆ.

ಸಂಪೂರ್ಣ ಆವೃತ್ತಿ ಬಂತು. ಅದರಲ್ಲಿ ಹೆಚ್ಚಿಗೆ ಇದ್ದದ್ದು ನಟರು ಸೋಫಾದ ಮೇಲೆ ಕುಳಿತು ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ಒಂದು ತಾಸಿನ ಮಾತುಕತೆ. ಮಂದಿ ಇರಲಿಲ್ಲ. ಆಮೇಲೆ ಅಗಲ ಟಿವಿಗೆಂದು ಅಗಲ ಮಾಡಿದ ಆವೃತ್ತಿ ಬಂತು. ಅಗಲ ಮಾಡಲು ಹೋಗಿ ಮೇಲೆ ಕೆಳಗೆ ಕತ್ತರಿಸಿದ್ದರು. ನಾಟಕದ ಗೌಡನಿಗೆ ರುಮಾಲೂ ಇಲ್ಲ, ಕಾಲೂ ಇಲ್ಲ. ಅಳತೆ ತಪ್ಪಿದ ಟೇಲರ್ ಕೂಡ ಹೀಗೆ ಮಾಡುವುದಿಲ್ಲ. ಮಂದಿ ಇರಲಿಲ್ಲ. ಆಮೇಲೆ ತಗಡಿನ ಡಬ್ಬಿ ಬಂತು, ಜೊತೆಗೆ ಕ್ಯಾಲೆಂಡರು, ಕೀಲಿಗೊಂಚಲು. ಶಿಗ್ಗಾಂವಿಯ ಅಂಗಡಿಯಲ್ಲಿ ನಮ್ಮ ಮಂದಿ ಬಾಯಿ ಬಾಯಿ ಬಡಿದುಕೊಂಡರು. "ಹಳೇ ಅನ್ನಕ್ಕ ಒಗ್ಗರಣಿ ಹಾಕಿ ಹಾಕಿ ಬಡಸಾಕತ್ತಾರ್ರಿ, ಹೊಸಾದು ಬೇಯಸೂ ತಾಕತ್ತಿಲ್ಲ," ಎಂದು ಸಾಹೇಬರು ಕೂಡ ಸಿಟ್ಟಾದರು. ಎಲ್ಲರೂ ಇನ್ನು ಕೊಳ್ಳುವುದಿಲ್ಲವೆಂದು ಆಣೆ ಮಾಡಿದರು. ನಾನೂ ಮಾಡಿದೆ. ಮಾಡಿ, ಎಲ್ಲರೂ ಹೋದ ಮೇಲೆ ಹಿಂದಿನಿಂದ ಬಂದು ಒಂದು ತಗಡಿನ ಡಬ್ಬಿ ಕೊಂಡೆ. ಅವರಿಗೆ ಹೋದದ್ದು ದುಡ್ಡು. ನನಗೆ ಬೇಕಾದದ್ದು ಹತ್ತು ಎಣಿಸುವಷ್ಟು ಹೊತ್ತು.

ಮೊದಮೊದಲು ಹೆಂಡತಿ ಹೊಸ ಡಬ್ಬಿ ಬಂದ ದಿನ ಮುಖ ತೊಳೆದು, ಕುಂಕುಮ ಹಚ್ಚಿಕೊಂಡು ಟಿವಿಯ ಮುಂದೆ ಕೂರುತ್ತಿದ್ದಳು. ತಗಡಿನ ಡಬ್ಬಿಯ ಹೊತ್ತಿಗೆ ಒಲೆಯ ಮುಂದಿನಿಂದ ಏಳಲಿಲ್ಲ, "ನೀವ ನೋಡಿ ಹೇಳ್ರಿ," ಎಂದಳು. ಕೊನೆಗೆ ಬಂದದ್ದು ಪೆನ್‌ಡ್ರೈವ್, ಹೋದ ವರ್ಷ. ಅದನ್ನು ಹಾಕಿದವನು ಕುಳಿತಲ್ಲಿಂದ ಎದ್ದು ನಿಂತೆ. ಮಂದಿಯ ನಗು ಕೇಳಿಸುತ್ತಿತ್ತು! ಜೋರಾಗಿ, ಚಪ್ಪಾಳೆ ಸಮೇತ. ನಾನು ಹೆಂಡತಿಯನ್ನು ಕೂಗಿದೆ. ಆಕೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಇಬ್ಬರೂ ನಿಂತು ಕಾದೆವು. ನಗು ಬಂತು, ಮಂದಿ ಬರಲಿಲ್ಲ. ಮತ್ತೆ ನಗು ಬಂತು, ಅದೇ ನಗು, ಅದೇ ಕೆಮ್ಮು. ಎಲ್ಲಿಯದೋ ನಗುವನ್ನು ತಂದು ಅಂಟಿಸಿದ್ದರು. ನಮ್ಮ ಜನರನ್ನು ಹೊರಗೆ ಹಾಕಿ ಬಾಡಿಗೆಯ ನಗು ತಂದಿದ್ದರು.

"ಇನ್ನ ತರಬ್ಯಾಡ್ರಿ," ಎಂದಳು ಹೆಂಡತಿ. ಅವತ್ತು ಮೊದಲ ಸಲ ನನ್ನ ಮುಂದೆ ಅತ್ತಳು. "ನಿಮಗ ಹೇಳಿಲ್ಲ ನಾ. ಆಕಿ ಮರತ ಹೋಗಾಕತ್ತಾಳ್ರಿ ನನಗ. ಫೋಟೋದಾಗಿನ ಮಾರಿ ಅಷ್ಟ ಉಳದೈತಿ. ಹೆಂಗ ಹೊಳ್ಳಿ ನೋಡ್ತಿದ್ಲು, ಹೆಂಗ ಏಳ್ತಿದ್ಲು, ಕಣ್ಣ ಮುಚ್ಚಿದ್ರೂ ಬರವಲ್ದು. ಹಡದಾಕಿ ನಾ, ನನಗ ಬರವಲ್ದು."

ಕೂಸು ಹೋಗಿ ಅಷ್ಟು ವರ್ಷಗಳಾಗಿದ್ದವು. ಆ ದಿನ ಅದು ಇನ್ನೊಮ್ಮೆ ಹೋಗುತ್ತಿದೆ, ಈ ಸಲ ನನ್ನಿಂದ, ಎಂದು ನನಗೆ ಅನಿಸಿತು. ಹೇಗಾದರೂ ಮಾಡಿ ಒಂದು ಪೈಲಾ ಸೆಟ್ಟು ಹುಡುಕಲೇಬೇಕೆಂದು ಹೊಲಿಗೆ ಕೆಲಸ ಬಿಟ್ಟು ಎದ್ದೆ.

ಮೊದಲು ಸವಣೂರು. ಸಾಹೇಬರು ಎಲೆಯ ಪೆಂಡಿ ಕಟ್ಟುತ್ತ ಕುಳಿತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಬಾಳೆನಾರನ್ನು ಕೆಳಗಿಟ್ಟರು. "ನೀವು ಹೇಳಿದ್ರಿ ಅಂತ ಕೊಟ್ನೆಲ್ರಿ ಮಾಸ್ತರ. ಇದ್ದಿದ್ರ ಈಗ ಎದ್ದು ಒಳಗಿಂದ ತಂದು ಕೊಡ್ತಿದ್ನಿ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಹುಲಗೂರಿನಲ್ಲಿ ತಮ್ಮ ಬೀಗರ ಮನೆಯಲ್ಲಿ ಹಳದಿ ಡಬ್ಬಿ ನೋಡಿದ ನೆನಪಿದೆ ಎಂದು ಅವರೇ ಜೊತೆಗೆ ಹೊರಟರು.

ಹುಲಗೂರಿನ ಬೀಗರು ಡಬ್ಬಿ ತಂದು ಮುಂದಿಟ್ಟರು. ಒಳಗೆ ಸೂಜಿ, ದಾರ, ರೇಷನ್ ಕಾರ್ಡು. ಸೀಡಿಗಳೆಲ್ಲ ಹೊಲದಲ್ಲಿವೆ ಎಂದರು. ಗೋವಿನಜೋಳದ ತೆನೆಗೆ ಗಿಳಿ ಬರುತ್ತವೆಂದು ಅವನ್ನು ದಾರಕ್ಕೆ ಪೋಣಿಸಿ ಗೂಟಕ್ಕೆ ಕಟ್ಟಿದ್ದರು. ಬಿಸಿಲಿಗೆ ಹೊಳೆದು ತಿರುಗುತ್ತವೆ, ಹಕ್ಕಿ ಹೆದರುತ್ತವೆ. ಆ ಹೊಲದಲ್ಲಿ ಸಾಹೇಬರು ಒಂದು ಸಾಲು, ನಾನು ಒಂದು ಸಾಲು, ಒಂದೊಂದನ್ನೇ ಹಿಡಿದು ನಂಬರು ಓದುತ್ತ ನಡೆದೆವು. ಎರಡು, ಒಂಬತ್ತು, ಏಳು. ಬದುವಿನ ಹತ್ತಿರ ಐದು ಸಿಕ್ಕಿತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕುಳಿತೆ. ತಿರುಗಿಸಿ ನೋಡಿದರೆ ಬೆಳ್ಳಿಯ ಪದರು ಸಿಪ್ಪೆಯ ಹಾಗೆ ಎದ್ದು, ಆಚೆಯ ಹೊಲ ಕಾಣಿಸುತ್ತಿತ್ತು. ಆದರೂ ಸಾಹೇಬರ ಮನೆಗೆ ತಂದು ಹಾಕಿದೆ. ಯಂತ್ರ ಕರಕರ ಎಂದು ತಿರುಗಿಸಿ ಹೊರಗೆ ದಬ್ಬಿತು.

"ಇನ್ನ ಉಳದಾಂವ ಒಬ್ಬನ ಐದಾನ ಮಾಸ್ತರ," ಎಂದರು ಸಾಹೇಬರು. "ಯಾರಂತ ನಿಮಗ ಗೊತ್ತೈತಿ. ನಾನೂ ಬರ್ಲೇನು?"

"ಬ್ಯಾಡ್ರಿ. ನನ್ನ ಬಾಯಿಂದ ಆಗಿದ್ದು, ನಾನ ಹೋಗ್ತೇನಿ."

ಹಿರೇಕೆರೂರಿನ ಬಸ್ಸಿನಲ್ಲಿ ಉದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಇಳಿಯುವ ಹೊತ್ತಿಗೆ ಎಲ್ಲ ಮರೆತಿತ್ತು. ಕಂಡಕ್ಟರ್ ಮನೆಯ ಮುಂದಿನ ಕಟ್ಟೆಯ ಮೇಲೆ ಪೇಪರ್ ಓದುತ್ತ ಕುಳಿತಿದ್ದ. ಬಹಳ ಇಳಿದುಹೋಗಿದ್ದ. ಪೇಪರಿನ ಮೇಲಿನಿಂದ ನನ್ನನ್ನು ನೋಡಿದ, ಮತ್ತೆ ಪೇಪರಿಗೆ ಹೋದ.

"ಕತ್ತರಿ ತಂದೀರೇನ್ರಿ ಮಾಸ್ತರ?"

ಬಿಸಿಲಿನಲ್ಲಿ ನಿಂತೇ ಇದ್ದೆ. ಆಮೇಲೆ, "ನಿಮ್ಮ ಸೆಟ್ಟಿನ ಐದನೇದರಾಗ ನನ್ನ ಮಗಳು ಅದಾಳ್ರಿ," ಎಂದೆ. ಆತ ಪೇಪರ್ ಮಡಚಿ, ಪಕ್ಕಕ್ಕೆ ಸರಿದು, "ಕುಂತ್ಕೋರಿ ಮೊದಲ," ಎಂದ.

ಎಲ್ಲವನ್ನೂ ಕೇಳಿದ ಮೇಲೆ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಹಳದಿ ಡಬ್ಬಿ ತಂದ. ಪ್ಲಾಸ್ಟಿಕ್ ಹೊದಿಕೆ ಕಂಪನಿಯಿಂದ ಬಂದ ಹಾಗೇ ಇತ್ತು. ಅಷ್ಟು ವರ್ಷ ಹರಿಯದೆ ಇಟ್ಟದ್ದನ್ನು ಒಬ್ಬ ಮನುಷ್ಯ ಹರಿಯುವುದೆಂದರೆ ಏನೆಂದು ನನ್ನಂಥವನಿಗೆ ಗೊತ್ತು. ಆತ ಉಗುರಿನಿಂದ ಅಂಚು ಹಿಡಿದು ಒಂದೇ ಎಳೆತಕ್ಕೆ ಹರಿದ. ನಾನು ಕೈ ನೀಡಿದೆ.

"ಹಂಗ ಕೈಗೆ ಕೊಡಂಗಿಲ್ರಿ. ನಾನ ತರ್ತೇನಿ, ನಾಳೆ ಮುಂಜಾನಿ ಗಾಡಿಗೆ. ನಿಮ್ಮ ಯಂತ್ರದ ಮ್ಯಾಲ ನನಗ ನಂಬಿಗಿಲ್ಲ, ನಂದೂ ತರ್ತೇನಿ. ಮನ್ಯಾಗ ಅಕ್ಕಾರಿಗೆ ಹೇಳಿ ಇಡ್ರಿ," ಎಂದ. ಆಮೇಲೆ ಚಹಾ ಕುಡಿಸಿದ.

ಮರುದಿನ ಹತ್ತು ಗಂಟೆಗೆ ಆತ ಹೆಗಲಿಗೆ ಎರಡು ಚೀಲ ಹಾಕಿಕೊಂಡು ಬಂದ. ತಂತಿಗಳನ್ನು ತಾನೇ ಜೋಡಿಸಿದ, ನಡುವಿನ ತೂತಿನಲ್ಲಿ ಬೆರಳು ಹಾಕಿ ಸೀಡಿಯನ್ನು ಇಟ್ಟ. ಚಿತ್ರ ಬಂದದ್ದನ್ನು ನೋಡಿ ಚಪ್ಪಲಿ ಮೆಟ್ಟಿಕೊಂಡ. "ನಾ ಹೊರಗ ಕಟ್ಟಿ ಮ್ಯಾಲ ಇರ್ತೇನಿ. ನೀವು ಇಬ್ರೂ ನೋಡ್ರಿ," ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದ.

ಹೆಂಡತಿ ನನ್ನ ಕಡೆ ತಿರುಗಿದಳು. "ನೀವೂ ಹೊರಗ ಹೋಗ್ರಿ. ನಾನೊಬ್ಬಾಕಿನ ನೋಡ್ತೇನಿ."

"ಯಾಕ? ನನ್ನ ಮಗಳಲ್ಲೇನು ಆಕಿ?"

ನಾನು ಹಾಸಿಗೆಯ ತುದಿಗೆ ಕುಳಿತೆ. ರಿಮೋಟ್ ಆಕೆಯ ಕೈಯಲ್ಲಿತ್ತು.

ಮಂದಿ ಬಂದರು. ಶಾಲೆಯ ಬಯಲು, ಹಲ್ಲಿಲ್ಲದ ಮುದುಕರು, ಸಾಲು ಹೆಂಗಸರು. ಎರಡನೇ ಸಾಲಿನಲ್ಲಿ ನನ್ನ ಹೆಂಡತಿ, ಎಷ್ಟು ಸಣ್ಣ ವಯಸ್ಸು, ಆಕೆಯ ತೊಡೆಯ ಮೇಲೆ ಹಸಿರು ಫ್ರಾಕು. ಮಗಳು ನಗುತ್ತಿದ್ದಳು. ಅವಳು ನಾಟಕವನ್ನು ನೋಡುತ್ತಿರಲಿಲ್ಲ. ನೇರವಾಗಿ ಕ್ಯಾಮೆರಾದ ಪಕ್ಕಕ್ಕೆ ನೋಡುತ್ತಿದ್ದಳು. ಅವ್ವನ ತೊಡೆಯ ಮೇಲೆ ಎದ್ದು ನಿಂತು ಕೈ ಎತ್ತಿ ಬೀಸಿದಳು. ಮಂದಿಯ ಗದ್ದಲದಲ್ಲಿ ದನಿ ಕೇಳುವುದಿಲ್ಲ, ಆದರೆ ಬಾಯಿ ಕಾಣುತ್ತದೆ. ಅಪ್ಪಾ. ಮತ್ತೊಮ್ಮೆ, ಅಪ್ಪಾ.

ಆಗ ಚಿತ್ರದ ಅಂಚಿನಿಂದ ಒಂದು ಕೈ ಬಂತು. ಬೂದು ಬಣ್ಣದ ಅಂಗಿಯ ತೋಳು, ಮುಂಗೈ ಪಟ್ಟಿಗೆ ಎರಡು ಗುಂಡಿ, ನನ್ನದೇ ಹೊಲಿಗೆ. ಆ ಕೈ ಕೂತ್ಕೋ, ಕೂತ್ಕೋ ಎಂದು ಸಿಟ್ಟಿನಿಂದ ಎರಡು ಸಲ ಕೆಳಗೆ ಆಡಿತು. ಮಗಳ ನಗು ನಿಂತಿತು. ಅವಳು ಕುಳಿತು ಅವ್ವನ ಹೆಗಲಿಗೆ ಮುಖ ಇಟ್ಟುಕೊಂಡಳು. ಕ್ಯಾಮೆರಾ ನಾಟಕಕ್ಕೆ ತಿರುಗಿತು.

ನನಗೆ ಎಲ್ಲ ನೆನಪಾಯಿತು. ನಾನು ಇಡೀ ಹೊತ್ತು ಅವರ ಜೊತೆ ಕುಳಿತಿರಲೇ ಇಲ್ಲ. ಕ್ಯಾಮೆರಾದವನ ಮಗ್ಗುಲಿಗೆ ನಿಂತು, ಸೀಡಿ ಯಾವಾಗ ಬರುತ್ತದೆ, ಎಷ್ಟು ಭಾಗ, ಮೊದಲ ಡಬ್ಬಿ ನನಗೆ ಸಿಗುತ್ತದೋ ಎಂದು ಅವನ ತಲೆ ತಿನ್ನುತ್ತಿದ್ದೆ. "ಯಾರ ಕೂಸ್ರಿ ಅದು, ಅಡ್ಡ ಬರಾಕತ್ತೇತಿ, ಕುಂಡ್ರಸ್ರಿ," ಎಂದು ಅವನು ಗೊಣಗಿದ್ದ. ನನ್ನದು ಎಂದು ನಾನು ಹೇಳಲಿಲ್ಲ. ಯಾರದೋ ಕೂಸಿಗೆ ಮಾಡಿದ ಹಾಗೆ ಕೈ ಮಾಡಿದ್ದೆ.

"ಇದಕ್ಕ ಹೇಳಿರ್ಲಿಲ್ಲ ನಾ," ಎಂದಳು ಹೆಂಡತಿ. "ನೋಡಿದ್ರ ನಿಮಗ ತಡಿಯಾಕ ಆಗೂದಿಲ್ಲ ಅಂತ."

ಆಕೆ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಟಿವಿಯ ಬೆಳಕಿನಲ್ಲಿ ಆಕೆಯ ಮುಖ ನೋಡಿದೆ. ಅಳುತ್ತಿದ್ದಳು, ಮಗಳು ಎದ್ದು ನಿಂತಾಗ ನಗುತ್ತಲೂ ಇದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಮೊಣಕೈ ಹಿಡಿದಳು.

"ಮೊದಲ ನಗತಾಳಲ್ರಿ, ನಾ ಅದನ್ನಷ್ಟ ನೋಡ್ತಿದ್ನಿ. ನೀವೂ ಆಕಿ ಮಾರಿ ನೋಡ್ರಿ. ಕೈ ನೋಡಬ್ಯಾಡ್ರಿ."

ಮೂರನೆಯ ಸಲ ಹಾಕಿದಳು. ನಾನು ಕೈಯನ್ನೇ ನೋಡಿದೆ.